ಗೋಡೆಯ ಕತ್ತಿ, ಬಾಳೆಯ ಕತ್ತಿ

 

ಮದುವೆ ಮನೆಯ ಅಂಗಳವೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ವಾಲಗದವರು ನುಡಿಸುತ್ತಿದ್ದಾರೆ. ನೆಲದಲ್ಲಿ ಬಾಳೆಯ ದಿಂಡುಗಳನ್ನು ಸಾಲಾಗಿ ನೆಟ್ಟು, ಹೂವಿಟ್ಟು ಸಿಂಗರಿಸಿದ್ದಾರೆ. ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದ ಒಬ್ಬಾತ ಹಿರಿಯರ ಅಪ್ಪಣೆ ಪಡೆದು ಕತ್ತಿ ಎತ್ತುತ್ತಾನೆ. ಮೊದಲ ಏಟು ಬೀಳುತ್ತದೆ. ಕತ್ತಿ ದಿಂಡಿನ ಅರ್ಧಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಜಗ್ಗಿದರೆ ಅಲಗು ಬರುವುದಿಲ್ಲ, ಹಿಡಿ ಮಾತ್ರ ಕೈಯಲ್ಲಿ ತಿರುಗುತ್ತದೆ. ಸುತ್ತ ನಿಂತವರಲ್ಲಿ ಕೆಲವರು ನಗುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಆ ಹೊತ್ತಿನಲ್ಲಿ ಆತನಿಗಾಗುವ ಮುಜುಗರವನ್ನು ಯಾವ ಫೋಟೊದಿಂದಲೂ ಅಳಿಸಲಾಗದು.

ತಪ್ಪು ಕೈಯದೋ, ಕತ್ತಿಯದೋ? ಹೆಚ್ಚಿನ ಸಲ ಎರಡರದ್ದೂ ಹೌದು. ಆದರೆ ಕೈಯನ್ನು ಪಳಗಿಸಬೇಕಾದರೂ ಮೊದಲು ಪಳಗಿಸಲು ಯೋಗ್ಯವಾದ ಕತ್ತಿ ಬೇಕು. ಅದು ದುಬಾರಿಯಾಗಿರಬೇಕಿಲ್ಲ. ಇವತ್ತಿನ ಮಾತಿನ ಸಾರ ಇಷ್ಟೇ: ಗೋಡೆಗೆ ತೂಗುಹಾಕುವ ಕತ್ತಿಯೇ ಬೇರೆ, ಬಾಳೆ ಕಡಿಯುವ ಕತ್ತಿಯೇ ಬೇರೆ. ಎರಡನ್ನೂ ಒಂದೇ ಎಂದು ಕೊಂಡವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಮಾನವನ್ನೂ ಕಳೆದುಕೊಳ್ಳುತ್ತಾರೆ. ಕೆಲವೊಮ್ಮೆ ಪಕ್ಕದಲ್ಲಿ ನಿಂತವರ ರಕ್ತವೂ ಹರಿಯುತ್ತದೆ.

ಸೇತುವೆಯ ಈಚೆಗೆ ಏಕೆ ಈ ಮಾತು?

ಕೊಪ್ಪ ಮೈಸೂರು ಜಿಲ್ಲೆಯ ಅಂಚಿನ ಊರು. ಕಾವೇರಿಯ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು. ಜಿಲ್ಲೆಯ ಗಡಿ ನದಿಯಲ್ಲಿದ್ದರೂ ಜನರ ಬದುಕಿಗೆ ಅಂಥ ಗಡಿಯಿಲ್ಲ. ಹುಣಸೂರು, ಪಿರಿಯಾಪಟ್ಟಣ, ಮೈಸೂರುಗಳಲ್ಲಿ ನೆಲೆಸಿದ ಕೊಡಗಿನ ಕುಟುಂಬಗಳು ಮದುವೆಗೆ, ಹಬ್ಬಕ್ಕೆ ಈ ಸೇತುವೆಯ ಮೇಲೆಯೇ ಹೋಗಿ ಬರುತ್ತವೆ.

ಇತಿಹಾಸದಲ್ಲೂ ಇದು ಕತ್ತಿಯ ದಾರಿಯೇ. ಪಿರಿಯಾಪಟ್ಟಣ ಚೆಂಗಾಳ್ವ ಅರಸರ ಊರಾಗಿತ್ತು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಅದು ಮೈಸೂರಿನ ವಶವಾಯಿತು. ಟಿಪ್ಪು ಸುಲ್ತಾನರು ಕೊಡಗಿನ ದೊಡ್ಡ ವೀರರಾಜೇಂದ್ರನನ್ನು ಸೆರೆಯಿಟ್ಟದ್ದು ಇದೇ ಪಿರಿಯಾಪಟ್ಟಣದ ಕೋಟೆಯಲ್ಲಿ. 1788ರಲ್ಲಿ ಆತ ಅಲ್ಲಿಂದ ತಪ್ಪಿಸಿಕೊಂಡು ಕೊಡಗು ಸೇರಿದ ಮೇಲೆ ಎರಡೂ ಕಡೆಯ ಹೋರಾಟ ಹೊಸದಾಗಿ ಹೊತ್ತಿಕೊಂಡಿತು. 1834ರಲ್ಲಿ ಬ್ರಿಟಿಷರು ಕೊಡಗನ್ನು ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು. ಕತ್ತಿಯ ಯುದ್ಧ ಅಲ್ಲಿಗೆ ಮುಗಿಯಿತು. ಆದರೆ ಕತ್ತಿ ಮನೆಯಿಂದ ಹೊರಹೋಗಲಿಲ್ಲ; ಮದುವೆಯ ಅಂಗಳದಲ್ಲಿ, ಹಬ್ಬದ ದೀಪದ ಮುಂದೆ ಉಳಿದುಕೊಂಡಿತು.

ಒಡಿಕತ್ತಿಯ ಬಾಗು

ಕೊಡವರ ಉಡುಪಿನಲ್ಲಿ ಎರಡು ಕತ್ತಿಗಳುಂಟು. ಮುಂಭಾಗದಲ್ಲಿ ಚೇಲೆಗೆ ಸಿಕ್ಕಿಸುವ, ಬೆಳ್ಳಿಯ ಕುಸುರಿಯ ಪುಟ್ಟ ಕತ್ತಿ ಪೀಚೆಕತ್ತಿ. ಬೆನ್ನ ಹಿಂದೆ, ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸುವ, ಒರೆಯಿಲ್ಲದ ಅಗಲ ಅಲಗಿನ ಕತ್ತಿ ಒಡಿಕತ್ತಿ. ಬಾಳೆ ಕಡಿಯುವುದು ಈ ಎರಡನೆಯದರಿಂದ. ಇದಕ್ಕೆ ತೀರ ಹತ್ತಿರದ ರೂಪ ಮಲಬಾರಿನಲ್ಲೂ ಇತ್ತು. ಯುರೋಪಿನ ವಸ್ತುಸಂಗ್ರಹಾಲಯಗಳ ಪಟ್ಟಿಗಳಲ್ಲಿ ‘ಆಯುಧ ಕತ್ತಿ’ ಎಂಬ ಮಾತು ನಾನಾ ರೀತಿಯಲ್ಲಿ ತಿರುಚಿಕೊಂಡು ಕಾಣಿಸುವುದು ಇದನ್ನೇ ಕುರಿತು.

ಒಡಿಕತ್ತಿಯ ವಿಶೇಷ ಅದರ ಬಾಗಿನಲ್ಲಿದೆ. ಸಿನಿಮಾದಲ್ಲಿ ಕಾಣುವ ರಾಜರ ಕತ್ತಿಗೆ ಬಾಯಿ ಇರುವುದು ಬಿಲ್ಲಿನ ಹೊರಮೈಯಲ್ಲಿ. ಕುದುರೆಯ ಮೇಲಿನಿಂದ ಸವರಿಕೊಂಡು ಹೋಗಲು ಆ ಆಕಾರ ಹೇಳಿ ಮಾಡಿಸಿದ್ದು. ಒಡಿಕತ್ತಿಗೆ ಬಾಯಿ ಇರುವುದು ಒಳಮೈಯಲ್ಲಿ, ಕುಡುಗೋಲಿನ ಹಾಗೆ. ಆದರೆ ಕುಡುಗೋಲಿನಷ್ಟು ಬಳುಕಿಲ್ಲ, ಅದರಷ್ಟು ತೆಳುವೂ ಅಲ್ಲ. ಅಲಗು ತುದಿಯತ್ತ ಹೋದಂತೆ ಅಗಲವಾಗುತ್ತದೆ, ಆದ್ದರಿಂದ ತೂಕ ಮುಂದಕ್ಕೆ ಬೀಳುತ್ತದೆ. ಬೀಸಿದಾಗ ಮಚ್ಚಿನ ಏಟೂ ಕುಡುಗೋಲಿನ ಸೆಳೆತವೂ ಕೂಡಿ ಕೆಲಸ ಮಾಡುತ್ತವೆ. ಒಳಬಾಗು ಕಡಿಯುವ ವಸ್ತುವನ್ನು ತನ್ನೊಳಗೆ ಕೂಡಿಕೊಳ್ಳುವುದರಿಂದ ಏಟು ಪಕ್ಕಕ್ಕೆ ಜಾರುವುದು ಕಡಿಮೆ. ನೇಪಾಳದ ಕುಕ್ರಿಯೂ ಇದೇ ತತ್ತ್ವದ ಮೇಲೆ ನಿಂತ ಕತ್ತಿ. ದಟ್ಟ ಕಾಡಿನಲ್ಲಿ ಉದ್ದ ಕತ್ತಿ ಬಳ್ಳಿಗೆ, ಕೊಂಬೆಗೆ ತಗಲುತ್ತದೆ. ಇಂಥ ಗಿಡ್ಡ ಕತ್ತಿ ಬಳ್ಳಿಯನ್ನೇ ಕಡಿದು ದಾರಿ ಮಾಡುತ್ತದೆ.

ಹಿಡಿಯ ತುದಿ ಅಗಲವಾಗಿ ಚಾಚಿಕೊಂಡಿರುವುದೂ ಅಲಂಕಾರಕ್ಕಲ್ಲ. ಬೀಸಿದ ರಭಸಕ್ಕೆ ಕತ್ತಿ ಕೈಯಿಂದ ಹಾರಿ ಹೋಗದಂತೆ ಅದು ಅಂಗೈಗೆ ಅಡ್ಡ ನಿಲ್ಲುತ್ತದೆ. ಅಂದಕ್ಕಾಗಿ ಇದನ್ನು ಸಣ್ಣದು ಮಾಡಿದ ಕತ್ತಿ ಕಂಡರೆ ಕೊಳ್ಳದಿರುವುದೇ ಒಳ್ಳೆಯದು.

ಬಾಳೆಯನ್ನೇ ಏಕೆ?

ಮದುವೆಯಲ್ಲಿ ಬಾಳೆ ಕಡಿಯುವುದನ್ನು ಕೊಡವರು ಬಾಳೆ ಬಿರುದು ಎನ್ನುತ್ತಾರೆ. ಬಿರುದು ಎಂಬ ಮಾತೇ ಹೇಳುವಂತೆ ಅದು ಗೌರವ. ಎಷ್ಟು ದಿಂಡು, ಯಾರ ಕೈಯಲ್ಲಿ ಎಂಬುದು ಆಯಾ ಮನೆತನದ, ಆಯಾ ನಾಡಿನ ಪದ್ಧತಿಯಂತೆ ನಡೆಯುತ್ತದೆ. ಮದುಮಗನ ಕಡೆಯವರು, ಸೋದರಮಾವನ ಕಡೆಯವರು ಎಂದು ಈ ಗೌರವ ಸಲ್ಲಬೇಕಾದವರು ಮೊದಲೇ ಗೊತ್ತಿರುತ್ತಾರೆ. ಒಂದು ದಿಂಡಿಗೆ ಒಂದೇ ಏಟು ಎಂಬುದು ಅಲ್ಲಿಯ ಮರ್ಯಾದೆ. ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಮದುವೆಯ ಈ ಆಚರಣೆಯೂ ಸೇರಿದೆ.

ಬಾಳೆಯ ದಿಂಡು ನೋಡಲು ಮರದಂತಿದ್ದರೂ ಮರವಲ್ಲ. ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಪಟ್ಟೆಗಳೇ ದಿಂಡಾಗಿರುತ್ತವೆ. ಅದರ ತೂಕದ ಬಹುಪಾಲು ನೀರು. ಹಾಗಾಗಿ ಮೆತ್ತಗಿದೆ, ಯಾವ ಕತ್ತಿಯಾದರೂ ಸಾಕು ಎಂದು ಮೋಸ ಹೋಗುವವರೇ ಹೆಚ್ಚು. ಆದರೆ ಆ ಪಟ್ಟೆಗಳಲ್ಲಿ ಉದ್ದುದ್ದಕ್ಕೆ ನಾರು ಇದೆ. ಮೊಂಡ ಅಲಗು ನಾರನ್ನು ಕತ್ತರಿಸುವ ಬದಲು ಮಡಚಿ ಒಳಕ್ಕೆ ಒತ್ತುತ್ತದೆ. ದಪ್ಪ ಅಲಗನ್ನು ಒದ್ದೆ ಪಟ್ಟೆಗಳು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತವೆ. ಅಲಗು ಓರೆಯಾಗಿ ತಿರುಗಿದ್ದರೆ ಅರ್ಧದಾರಿಯಲ್ಲಿ ಬಾಗಿ ನಿಲ್ಲುತ್ತದೆ. ಕತ್ತಿಯ ಹರಿತ, ಅಲಗಿನ ತೆಳುವು, ಕೈಯ ನೇರ ಈ ಮೂರನ್ನೂ ಒಂದೇ ಏಟಿನಲ್ಲಿ ಬಯಲು ಮಾಡುವ ಪರೀಕ್ಷಕ ಬಾಳೆ. ಜಪಾನಿನ ಕತ್ತಿ ವಿದ್ಯೆಯಲ್ಲಿ ನೀರಿನಲ್ಲಿ ನೆನೆಸಿದ ಚಾಪೆಯ ಸುರುಳಿಯನ್ನು ಕಡಿದು ಕೈಯನ್ನು ಪರೀಕ್ಷಿಸುತ್ತಾರೆ. ಕೊಡಗಿನ ಹಿರಿಯರು ಅದೇ ಕೆಲಸಕ್ಕೆ ತಮ್ಮ ಹಿತ್ತಲಿನ ಬಾಳೆಯನ್ನು ಆರಿಸಿಕೊಂಡರು.

ಹಿಂದೆ ಇದಕ್ಕೆ ಬೇರೆ ಅಭ್ಯಾಸ ಬೇಕಿರಲಿಲ್ಲ. ಬೇಲಿ ಸವರುವುದು, ಗೊನೆ ಇಳಿಸಿದ ಬಾಳೆ ಕಡಿದು ಹಾಕುವುದು, ಸೌದೆ ಸೀಳುವುದು ದಿನದ ಕೆಲಸವಾಗಿತ್ತು. ಮದುವೆಯ ದಿನ ಕತ್ತಿ ಎತ್ತಿದವನ ಕೈ ಮೊದಲೇ ಪಳಗಿರುತ್ತಿತ್ತು. ಇಂದು ಬಿರುದಿಗೆ ನಿಲ್ಲುವವನು ಬೆಂಗಳೂರಿನ ಕಚೇರಿಯಿಂದ ಹಿಂದಿನ ರಾತ್ರಿ ಬಸ್ಸು ಹತ್ತಿ ಬಂದವನಾಗಿರಬಹುದು. ಅವನ ಕೈಗೆ ಕತ್ತಿ ಸಿಗುವುದು ವರ್ಷಕ್ಕೊಮ್ಮೆ, ಸೆಪ್ಟೆಂಬರ್ 3ರ ಕೈಲ್‌ಪೊದ್ ದಿನ, ಆಯುಧಗಳನ್ನು ತೊಳೆದು, ತೋಕ್ ಪೂವಿಟ್ಟು ಪೂಜಿಸುವಾಗ. ಆದ್ದರಿಂದಲೇ ಅಭ್ಯಾಸದ ಕತ್ತಿಯ ಪ್ರಶ್ನೆ ಈಗ ಎದ್ದಿದೆ.

ಹಣ ಎಲ್ಲಿ ಹೋಗುತ್ತದೆ?

2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಶಯನಾಗಾರದ ಕತ್ತಿ 1 ಕೋಟಿ 40 ಲಕ್ಷ ಪೌಂಡುಗಳಿಗೂ ಹೆಚ್ಚಿನ ಬೆಲೆಗೆ ಹೋಯಿತು. ಆ ಬೆಲೆ ಉಕ್ಕಿನದಲ್ಲ, ಇತಿಹಾಸದ್ದು, ಹಿಡಿಯ ಮೇಲಿನ ಚಿನ್ನದ ಕೆಲಸದ್ದು. ಅಂಗಡಿಯ ಒಡಿಕತ್ತಿಗೂ ಸಣ್ಣ ಪ್ರಮಾಣದಲ್ಲಿ ಇದೇ ಲೆಕ್ಕ. ಬೆಲೆ ಏರುವುದು ಬೆಳ್ಳಿಯ ಕಟ್ಟಿನಿಂದ, ಕೊಂಬಿನಂತೆ ಕಾಣುವ ಹಿಡಿಯಿಂದ, ಗಾಜಿನ ಪೆಟ್ಟಿಗೆಯಿಂದ. ಇವುಗಳಲ್ಲಿ ಒಂದೂ ಬಾಳೆ ಕಡಿಯುವುದಿಲ್ಲ. ಕಡಿಯುವ ಅಲಗಿಗೆ ತಗಲುವುದು ಒಂದು ತುಂಡು ಒಳ್ಳೆಯ ಉಕ್ಕು, ಒಂದು ಬುಟ್ಟಿ ಇದ್ದಿಲು, ಕೈ ಬಲ್ಲ ಒಬ್ಬ ಕಮ್ಮಾರನ ಒಂದೆರಡು ದಿನದ ದುಡಿಮೆ.

ಈ ನಾಡಿಗೆ ಉಕ್ಕು ಹೊಸದಲ್ಲ. ಮೈಸೂರು ಸೀಮೆಯಲ್ಲಿ ಮೂಸೆಗಳಲ್ಲಿ ಉಕ್ಕು ತಯಾರಿಸುತ್ತಿದ್ದುದನ್ನು 1800–01ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವಿವರವಾಗಿ ಬರೆದಿಟ್ಟಿದ್ದಾನೆ. ಜಗತ್ತಿನ ಕತ್ತಿ ತಜ್ಞರು ಇಂದಿಗೂ ಬಳಸುವ ‘ವೂಟ್ಸ್’ ಎಂಬ ಮಾತು ಕನ್ನಡದ ‘ಉಕ್ಕು’ ಎಂಬುದರಿಂದಲೇ ಬಂದಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಮೂಸೆಗಳು ಆರಿಹೋದವು. ಇಂದಿನ ಕುಲುಮೆಯ ಉಕ್ಕು ಬರುವುದು ಗುಜರಿ ಅಂಗಡಿಯಿಂದ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಅದರಲ್ಲಿ ಉತ್ತಮವಾದದ್ದು. ಅದರಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇ 0.5ರಿಂದ 0.6. ಹದ ಹಾಕಿದರೆ ಗಡಸಾಗುತ್ತದೆ, ಏಟಿಗೆ ಮುರಿಯದೆ ತಾಳಿಕೊಳ್ಳುತ್ತದೆ. ಕಿಟಕಿಯ ಸರಳಿನ ಮೆದು ಕಬ್ಬಿಣದಲ್ಲಿ ಇಂಗಾಲ ಶೇ 0.25ಕ್ಕಿಂತ ಕಡಿಮೆ, ಎಷ್ಟು ಹದ ಹಾಕಿದರೂ ಅದಕ್ಕೆ ಹರಿತ ನಿಲ್ಲದು. ಇನ್ನು ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಕತ್ತಿ ಹೆಚ್ಚಾಗಿ ನೋಟಕ್ಕೆಂದೇ ಮಾಡಿದ್ದು. ತರಕಾರಿ ಚಾಕುವಿಗೆ ಒಗ್ಗುವ ಆ ಲೋಹ ದೊಡ್ಡ ಅಲಗಾಗಿ ಜೋರಾದ ಏಟು ತಿಂದಾಗ ಮುರಿಯುವ ಅಪಾಯವುಂಟು.

ಕೊಡಗಿನಲ್ಲಿ ಕಬ್ಬಿಣ, ಮರ, ಚಿನ್ನದ ಕೆಲಸ ಪರಂಪರೆಯಿಂದ ಐರಿಗಳದು. ಅವರ ಮನೆಮಾತೂ ಕೊಡವ ತಕ್ಕೇ. ಸೇತುವೆಯ ಈಚೆ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಕಡೆ ಆಚಾರಿಗಳ ಕುಲುಮೆಗಳಿವೆ. ಮಚ್ಚು, ಕುಡುಗೋಲು, ಕೊಡಲಿ ತಟ್ಟುವ ಕೈಗೆ ಒಡಿಕತ್ತಿ ಪರಕೀಯವಲ್ಲ. ಹಿರಿಯರ ಮನೆಯ ಒಂದು ಹಳೆಯ ಕತ್ತಿಯನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು, ಆ ಆಕಾರ ಕತ್ತರಿಸಿ ಕೊಟ್ಟರೆ ಅಳತೆ ತಪ್ಪುವುದಿಲ್ಲ. ಹಿಡಿಗೆ ಸಾದಾ ಗಟ್ಟಿ ಮರ ಸಾಕು. ಬೆಳ್ಳಿ ಬೇಕೆಂದರೆ ಕೈ ಪಳಗಿದ ಮೇಲೆ ಹಾಕಿಸಬಹುದು.

ಕೊಳ್ಳುವ ಮುನ್ನ ಐದು ಪರೀಕ್ಷೆ

ಮೊದಲನೆಯದು ಹಿಡಿ. ಅಪಾಯವೆಲ್ಲ ಶುರುವಾಗುವುದು ಇಲ್ಲಿಂದಲೇ. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಎಂದು ಕೇಳಬೇಕು. ಅದು ಹಿಡಿಯ ಉದ್ದಕ್ಕೂ ಸಾಗಿ ತುದಿಯಲ್ಲಿ ಹೊರಬಂದು ಬಡಿದು ಕೂರಿಸಿರಬೇಕು, ಇಲ್ಲವೇ ಅಡ್ಡ ಮೊಳೆಗಳಿಂದ ಬಿಗಿದಿರಬೇಕು. ನೋಟದ ಕತ್ತಿಗಳಲ್ಲಿ ಎರಡು ಬೆರಳುದ್ದದ ಬಾಲಕ್ಕೆ ಬೆಸುಗೆ ಹಾಕಿದ ತಿರುಪು ಇರುತ್ತದೆ, ಇಲ್ಲವೇ ಬರೀ ಅಂಟು ಇರುತ್ತದೆ. ಕಿವಿಯ ಬಳಿ ಹಿಡಿದು ಅಂಗೈಯಿಂದ ತಟ್ಟಿದಾಗ ಒಳಗೆ ಕಟಕಟ ಸದ್ದು ಬಂದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಬೀಸುವಾಗ ಕಳಚಿ ಹಾರಿದ ಅಲಗಿಗೆ ನೆಂಟ ಯಾರು, ನೆರೆಯವರು ಯಾರು ಎಂಬ ಭೇದವಿಲ್ಲ.

ಎರಡನೆಯದು ಹದ. ಬಾಯಿಯ ಅಂಚಿನ ಮೇಲೆ ಹೊಸ ಅರವನ್ನು ಮೆಲ್ಲಗೆ ಎಳೆದರೆ, ಹದವಾದ ಉಕ್ಕಿನ ಮೇಲೆ ಅದು ಜಾರುತ್ತದೆ. ಮೆದು ಲೋಹವನ್ನು ಕೆರೆದು ಪುಡಿ ಉದುರಿಸುತ್ತದೆ. ಬೆನ್ನಿನ ಕಡೆ ಸ್ವಲ್ಪ ಮೆದುವಾಗಿರುವುದು ದೋಷವಲ್ಲ. ಬಾಯಿ ಗಡಸು, ಬೆನ್ನು ಗಟ್ಟಿಮುಟ್ಟು ಎಂಬುದು ಜಾಣ ಕಮ್ಮಾರನ ಉದ್ದೇಶಪೂರ್ವಕ ಕೆಲಸ.

ಮೂರನೆಯದು ಅಲಗಿನ ಇಳಿಜಾರು. ಬೆನ್ನು ದಪ್ಪವಿದ್ದು ಬಾಯಿಯತ್ತ ಒಂದೇ ಸಮನೆ ತೆಳುವಾಗುತ್ತ ಬರಬೇಕು. ಒಂದೇ ದಪ್ಪದ ತಗಡಿಗೆ ಅಂಚಿನಲ್ಲಿ ಮಾತ್ರ ಸಾಣೆ ಹಿಡಿದಿದ್ದರೆ ಅದು ಬಾಳೆಯಲ್ಲಿ ಕಚ್ಚಿಕೊಳ್ಳುವುದು ಖಂಡಿತ. ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಿದರೆ ಅಲಗು ತಿರುಚಿಕೊಂಡಿದೆಯೇ ಎಂಬುದೂ ಗೊತ್ತಾಗುತ್ತದೆ.

ನಾಲ್ಕನೆಯದು ತೂಕ. ಭಾರವಿದ್ದಷ್ಟೂ ಚೆನ್ನಾಗಿ ಕಡಿಯುತ್ತದೆ ಎಂಬುದು ಹೊಸಬರ ಭ್ರಮೆ. ತೋಳು ಚಾಚಿ ಹಿಡಿದು ಇಪ್ಪತ್ತು ಎಣಿಸುವಷ್ಟರಲ್ಲಿ ಮಣಿಕಟ್ಟು ನಡುಗಿದರೆ ಆ ಕತ್ತಿ ಆ ಕೈಗೆ ಹೆಚ್ಚಾಯಿತು. ಏಟಿಗೆ ಬಲ ಕೊಡುವುದು ತೂಕಕ್ಕಿಂತ ಹೆಚ್ಚಾಗಿ ವೇಗ, ಮತ್ತು ಅಲಗು ಬೀಸಿದ ದಿಕ್ಕಿಗೆ ನೇರವಾಗಿರುವುದು.

ಐದನೆಯದು ಸಾಣೆ. ಒಳಬಾಗಿನ ಕತ್ತಿಗೆ ಚಪ್ಪಟೆ ಸಾಣೆಕಲ್ಲು ಎಲ್ಲ ಕಡೆಗೂ ಮುಟ್ಟುವುದಿಲ್ಲ. ಕುಡುಗೋಲಿಗೆ ಬಳಸುವಂಥ ದುಂಡು ಮೈಯ ಕಲ್ಲು ಬೇಕು. ಕರೆಂಟಿನ ಸಾಣೆಯಲ್ಲಿ ಅವಸರವಾಗಿ ಹಿಡಿದ ಬಾಯಿಯ ಮೇಲೆ ನೀಲಿ ಬಣ್ಣದ ಕಲೆ ಕಂಡರೆ, ಬಿಸಿಗೆ ಅಲ್ಲಿಯ ಹದ ಹೋಗಿದೆ ಎಂದರ್ಥ. ಅಂಥ ಕತ್ತಿ ಮೊದಲ ದಿನ ಹರಿತ, ಎರಡನೆಯ ದಿನ ಮೊಂಡ.

ಹಿರಿಯರ ಕಾಲದ ಕತ್ತಿ ಮನೆಯಲ್ಲಿದ್ದರೆ ಹೊಸದೇಕೆ ಎಂದು ಕೇಳುವವರಿದ್ದಾರೆ. ಪೂಜೆಯ ಕತ್ತಿ ಪೂಜೆಗಿರಲಿ. ನೂರು ವರ್ಷದ ಮರದ ಹಿಡಿ ಒಳಗೆ ಒಣಗಿ ಬಿರಿದಿರಬಹುದು, ಹಿಡಿಯ ಬುಡದಲ್ಲಿ ತುಕ್ಕು ಬಾಲವನ್ನು ತಿಂದಿರಬಹುದು. ಅಭ್ಯಾಸದಲ್ಲಿ ಅದು ಮುರಿದರೆ ಹೋಗುವುದು ಬರೀ ಕಬ್ಬಿಣವಲ್ಲ, ಮನೆತನದ ನೆನಪು.

ಅಭ್ಯಾಸದ ಶಿಸ್ತು

ಅಭ್ಯಾಸಕ್ಕಾಗಿ ಬಾಳೆಯನ್ನು ಕೊಂದು ಹಾಕಬೇಕಿಲ್ಲ. ಒಂದು ಬಾಳೆ ಗೊನೆ ಬಿಡುವುದು ಒಂದೇ ಸಲ. ಗೊನೆ ಇಳಿಸಿದ ಮೇಲೆ ಹೇಗೂ ಅದನ್ನು ಕಡಿಯಬೇಕು. ತೋಟದವರನ್ನು ಕೇಳಿದರೆ ಖರ್ಚಿಲ್ಲದೆ ದಿಂಡು ಸಿಗುತ್ತದೆ. ಒಂದು ಅಡಿ ಗುಂಡಿ ತೋಡಿ, ಮಣ್ಣು ದಮ್ಮಸು ಮಾಡಿ ನೆಟ್ಟಗೆ ನಿಲ್ಲಿಸಬೇಕು. ದಿಂಡು ಅಲುಗಾಡಿದರೆ ಏಟಿನ ಬಲವೆಲ್ಲ ಅಲುಗಾಟದಲ್ಲೇ ಕಳೆದುಹೋಗುತ್ತದೆ.

ಅಡ್ಡಡ್ಡ ಬೀಸುವುದಕ್ಕಿಂತ ಮೇಲಿನಿಂದ ಓರೆಯಾಗಿ ಇಳಿಸಿದ ಏಟು ಸುಲಭವಾಗಿ ಸಾಗುತ್ತದೆ. ಆದರೆ ಆ ಏಟು ದಿಂಡಿನಲ್ಲಿ ನಿಲ್ಲದೆ ಮುಂದೆಯೂ ಹೋಗುತ್ತದೆ ಎಂಬುದನ್ನು ಮರೆಯಬಾರದು. ಬಲಗೈಯವರು ಬಲದಿಂದ ಎಡಕ್ಕೆ ಇಳಿಸುವಾಗ ಎಡಗಾಲು ಮುಂದಿದ್ದರೆ ಅಲಗು ಬರುವುದು ಆ ಕಾಲಿನ ಕಡೆಗೇ. ಎಡಗಾಲು ಹಿಂದಿರಬೇಕು, ಬಲಗಾಲು ಮುಂದಿರಬೇಕು. ಕಡಿಯುವವನ ಎದುರಿಗಾಗಲಿ ಬದಿಗಾಗಲಿ ಯಾರೂ ಇರಬಾರದು. ಮೊಬೈಲಿನಲ್ಲಿ ಚಿತ್ರ ಹಿಡಿಯುವ ಆಸೆಗೆ ಮಕ್ಕಳು ಹತ್ತಿರ ಬರುವುದು ಈಗಿನ ದೊಡ್ಡ ಅಪಾಯ. ಕುಡಿದ ಕೈಗೆ ಕತ್ತಿ ಕೊಡಬಾರದು, ಅದು ಮದುವೆಯ ಮನೆಯಾದರೂ ಸರಿ. ಈ ಮಾತನ್ನು ಗಟ್ಟಿಯಾಗಿ ಹೇಳುವ ಅಧಿಕಾರ ಹಿರಿಯರಿಗಿದೆ, ಅವರು ಅದನ್ನು ಬಳಸಬೇಕು.

ಕೆಲಸ ಮುಗಿದ ಕೂಡಲೇ ಅಲಗನ್ನು ತೊಳೆದು, ಒರೆಸಿ, ಎಣ್ಣೆ ಸವರಬೇಕು. ಬಟ್ಟೆಯ ಮೇಲೆ ಬಿದ್ದ ಬಾಳೆಯ ರಸ ಹೇಗೆ ಕಪ್ಪಾಗಿ ಉಳಿಯುತ್ತದೋ ಹಾಗೆಯೇ ಉಕ್ಕಿನ ಮೇಲೂ ಕಲೆ ಕಟ್ಟುತ್ತದೆ, ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಹಿಡಿಸುತ್ತದೆ.

ಕಾನೂನಿನ ಮಾತನ್ನೂ ಹೇಳದೆ ಇರುವಂತಿಲ್ಲ. 1959ರ ಆಯುಧ ಕಾಯ್ದೆ ಮತ್ತು ಅದರಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಕತ್ತಿಗಳನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದ ಉಪಕರಣಗಳು ಅದರಲ್ಲಿ ಸೇರುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಲ್ಲಿ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿಯ ಹೆಸರಿನಲ್ಲಿ ಯಾರು ಬೇಕಾದರೂ ಬಸ್ಸಿನಲ್ಲಿ ಬಿಚ್ಚುಗತ್ತಿ ಹಿಡಿದು ಸೇತುವೆ ದಾಟಬಹುದೆಂದು ತಿಳಿಯುವುದು ತಪ್ಪು. ಕೊಳ್ಳುವ ಮುನ್ನ ಹತ್ತಿರದ ಠಾಣೆಯಲ್ಲಿ ವಿಚಾರಿಸಿ, ಒಯ್ಯುವಾಗ ಬಟ್ಟೆಯಲ್ಲಿ ಸುತ್ತಿ ಕಟ್ಟಿ ಒಯ್ಯುವುದು ವಿವೇಕ.

ಕೊನೆಯದಾಗಿ ಒಂದು ಮಾತು. ಅಂಗಡಿಯ ಹೊಳಪಿನ ಕತ್ತಿಗಳೇ ಎಲ್ಲರ ಸೊಂಟಕ್ಕೆ ಬಂದರೆ ಬಾಳೆ ಬಿರುದು ಮೆಲ್ಲಗೆ ಬರೀ ಫೋಟೊದ ಶಾಸ್ತ್ರವಾಗುತ್ತದೆ. ದಿಂಡನ್ನು ಮೊದಲೇ ಮುಕ್ಕಾಲು ಕೊಯ್ದಿಟ್ಟು, ಕತ್ತಿ ತಾಗಿಸಿದರೆ ಬೀಳುವಂತೆ ಮಾಡುವ ದಿನವೂ ಬಂದೀತು. ಆಗ ಕುಲುಮೆಯ ಬೆಂಕಿಯೂ ಆರುತ್ತದೆ, ಒಡಿಕತ್ತಿಯ ಬಾಗು ಹೀಗೇಕೆ ಎಂದು ಹೇಳಬಲ್ಲ ಕೈಗಳೂ ಇಲ್ಲವಾಗುತ್ತವೆ. ಅದೇ ಹಣವನ್ನು ಒಬ್ಬ ಕಮ್ಮಾರನಿಗೆ ಕೊಟ್ಟು, ಎದುರಿಗೆ ಕುಳಿತು, ಕಾದ ಪಟ್ಟಿ ಕತ್ತಿಯಾಗುವುದನ್ನು ನೋಡಿ ತಂದವನಿಗೆ ತನ್ನ ಕತ್ತಿಯ ಗುಣವೂ ಗೊತ್ತಿರುತ್ತದೆ, ದೋಷವೂ ಗೊತ್ತಿರುತ್ತದೆ. ಅವನು ಹಿತ್ತಲಿನಲ್ಲಿ ಹತ್ತು ದಿಂಡು ಕೆಡಿಸಿ, ಹನ್ನೊಂದನೆಯದನ್ನು ಒಂದೇ ಏಟಿಗೆ ಇಳಿಸಿದ ದಿನ ಅಲ್ಲಿ ವಾಲಗವಿರುವುದಿಲ್ಲ, ಚಪ್ಪಾಳೆಯೂ ಇರುವುದಿಲ್ಲ. ಆದರೆ ಮದುವೆಯ ಅಂಗಳದಲ್ಲಿ ಹಿರಿಯರು ಅಪ್ಪಣೆ ಕೊಟ್ಟಾಗ ಅವನ ಕೈ ನಡುಗುವುದಿಲ್ಲ.